ರಾಮಿರೋನ ಸೋರೆಬುರುಡೆ

ಸಾರಿನ ಪುಡಿಯ ಡಬ್ಬಿ ಹುಡುಕಲು ಕಪಾಟಿನ ಮೇಲಿನ ಅರೆಗೆ ಕೈ ಹಾಕಿದೆ. ಸಿಕ್ಕಿದ್ದು ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಸೋರೆಬುರುಡೆ. ಒಳಗಿನಿಂದ ಒಣಹುಲ್ಲಿಗೆ ಹೊಗೆ ಬೆರೆತಂಥ ವಾಸನೆ ಬಂತು. ಒಲೆಯ ಮೇಲೆ ಬೇಳೆ ಉಕ್ಕುತ್ತಿದ್ದರೂ ಅದನ್ನೇ ಮೂಸುತ್ತ ನಿಂತುಬಿಟ್ಟೆ.

ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನನಗೆ ಎಂಜಲೆಂದರೆ ಆಗದು. ಮೈಸೂರು ಬಿಟ್ಟು ಇಪ್ಪತ್ತು ವರ್ಷವಾದರೂ ನೀರನ್ನು ಎತ್ತಿಯೇ ಕುಡಿಯುತ್ತೇನೆ. ಆಫೀಸಿನ ಮೀಟಿಂಗುಗಳಲ್ಲಿ ಎಷ್ಟೋ ಸಲ ಅಂಗಿ ತೋಯಿಸಿಕೊಂಡಿದ್ದೇನೆ. ಕೊರೊನಾ ಬಂದು ಲೋಕದವರೆಲ್ಲ ಒಬ್ಬರ ಲೋಟ ಒಬ್ಬರು ಮುಟ್ಟದಂತಾದಾಗ, ಕಡೆಗೂ ಇವರಿಗೆ ಬುದ್ಧಿ ಬಂತು ಎಂದು ಒಳಗೊಳಗೇ ಬೀಗಿದವನು ನಾನು. "ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ನನ್ನ ಲೋಟದಿಂದ ಒಂದು ಗುಟುಕು ಕಾಫಿ ಕುಡಿದಿಲ್ಲ ಇವ್ರು" ಎಂದು ನನ್ನ ಹೆಂಡತಿ ವೀಣಾ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಕೊರೊನಾ ಇಳಿದ ಮರುವರ್ಷ, ಅಮೆರಿಕದ ಆಲ್ಡಿ ಎಂಬ ಊರಿನ ನಮ್ಮ ಟೌನ್‌ಹೌಸಿನ ಪಕ್ಕದ ಮನೆಗೆ ಉರುಗ್ವೆಯ ಇಬ್ಬರು ಫುಟ್‌ಬಾಲ್ ಆಟಗಾರರು ಬಾಡಿಗೆಗೆ ಬಂದರು. ಸಣ್ಣದೊಂದು ಕ್ಲಬ್ಬು ಅವರನ್ನು ಒಂದು ಸೀಸನ್ನಿಗೆ ಕರೆಸಿಕೊಂಡಿತ್ತು. ಸಂಜೆಯಾದರೆ ಇಬ್ಬರೂ ಮೆಟ್ಟಿಲ ಮೇಲೆ ಕೂತು, ಇಂಥದೇ ಬುರುಡೆಗೆ ತಮ್ಮೂರಿನ ಎಲೆಪುಡಿ ತುಂಬಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಸರದಿಯ ಮೇಲೆ ಹೀರುತ್ತಿದ್ದರು. ಇಬ್ಬರಿಗೂ ಒಂದೇ ಕೊಳವೆ! ಕಸದ ಡಬ್ಬಿ ಹೊರಗಿಡಲು ಹೋದ ನಾನು ಮುಖ ತಿರುಗಿಸಿಕೊಂಡು ಒಳಗೆ ಬರುತ್ತಿದ್ದೆ.

ಬೇಸಿಗೆಯಲ್ಲಿ ಅವರಲ್ಲೊಬ್ಬ ಬೇರೆ ಊರಿನ ಕ್ಲಬ್ಬಿಗೆ ಹೊರಟುಹೋದ. ಉಳಿದವನು ರಾಮಿರೋ, ಇಪ್ಪತ್ತಮೂರರ ಹುಡುಗ. ನಮ್ಮ ಬಾಯಲ್ಲಿ ಅವನು ರಾಮು ಆಗಲು ವಾರ ಹಿಡಿಯಲಿಲ್ಲ. ಅಭ್ಯಾಸದ ಮೊದಲ ದಿನಗಳಲ್ಲೇ ಪಾದ ಉಳುಕಿಸಿಕೊಂಡಿದ್ದ. ಅದು ವಾಸಿಯಾದ ಮೇಲೂ ಬೆಂಚಿನ ಮೇಲೇ ಕೂತಿದ್ದ. ಪ್ರತಿ ಭಾನುವಾರ ಊರಿನಿಂದ ಅವನಪ್ಪ ಫೋನ್ ಮಾಡಿ ಕೇಳುತ್ತಿದ್ದುದು ಒಂದೇ, ಆಡಿದೆಯಾ ಎಂದು. ಒಂದೇ ಒಂದು ಸಲ ಮೈದಾನಕ್ಕಿಳಿದು, ಹೌದಪ್ಪಾ ಆಡಿದೆ ಎಂದು ಹೇಳಬೇಕು. ಅವನಿಗಿದ್ದ ಆಸೆ ಅಷ್ಟೇ.

ವೀಣಾ ಕೊಟ್ಟ ಚಿತ್ರಾನ್ನ ತಿಂದು ಮುಗಿಸಿದ ಒಂದು ಸಂಜೆ ಅವನು ಬುರುಡೆಯನ್ನು ನನ್ನತ್ತ ಚಾಚಿದ. "ಇದು ಒಬ್ಬನೇ ಕುಡಿಯೋದಲ್ಲ. ಮ್ಯಾಚ್ ದಿನ ಯಾರ ಜೊತೆಗಾದ್ರೂ ಕುಡಿದ್ರೆ ನಂಗೆ ಲಕ್" ಎಂದ, ತನ್ನ ಅರೆಬರೆ ಇಂಗ್ಲಿಷಿನಲ್ಲಿ. ಒಂದು ನಿಮಿಷ ಎಂದು ನಾನು ಒಳಗೋಡಿ ನನ್ನದೇ ಪ್ಲಾಸ್ಟಿಕ್ ಸ್ಟ್ರಾ ತಂದು ಅದ್ದಿ ಹೀರಿದೆ. ಲೋಹದ ಕೊಳವೆಯ ತುದಿಯಲ್ಲಿ ಜರಡಿ ಇರುತ್ತದೆಂದು ಯಾರಿಗೆ ಗೊತ್ತು? ಎಲೆಪುಡಿಯೆಲ್ಲ ಗಂಟಲಿಗೆ ನುಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ. ರಾಮು ಬಿದ್ದು ಬಿದ್ದು ನಕ್ಕ. ಆಮೇಲೆ ಬುರುಡೆಯನ್ನು ಮೆಲ್ಲಗೆ ತನ್ನ ಕಡೆಗೆಳೆದುಕೊಂಡ. ಮತ್ತೆ ಯಾವತ್ತೂ ಚಾಚಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯದ ಶನಿವಾರ ಬಂತು. ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ.

"ರೀ, ಸಾಫ್ಟ್‌ವೇರ್ ರಿಲೀಸ್ ದಿನ ಗಣಪತಿಗೆ ಕೈ ಮುಗೀದೆ ಲ್ಯಾಪ್‌ಟಾಪ್ ಓಪನ್ ಮಾಡಲ್ಲ ನೀವು" ಎಂದಳು ವೀಣಾ, ಕಿಟಕಿಯಿಂದ ನೋಡುತ್ತ. "ಪಾಪ, ಅವನದೂ ಹಂಗೇ ಅಲ್ವಾ? ನಾನ್ ಹೋಗ್ಲಾ, ನೀವ್ ಹೋಗ್ತೀರಾ?"

ಹೋದೆ. ಪಕ್ಕದಲ್ಲಿ ಕೂತು ನಾನೇ ಕೈ ಚಾಚಿದೆ. ಕೊಳವೆಯ ತುದಿ ಅವನ ತುಟಿಯಿಂದ ಇನ್ನೂ ಒದ್ದೆಯಾಗಿತ್ತು. ನನ್ನ ಇನ್ನೊಂದು ಕೈ ತಾನಾಗಿ ಜೇಬಿನ ಕರವಸ್ತ್ರ ಹುಡುಕಿತು. ರಾಮು ನೋಡುತ್ತಿದ್ದ. ಕರವಸ್ತ್ರ ಬಿಟ್ಟು, ಕಣ್ಣು ಮುಚ್ಚಿ ಹೀರಿದೆ. ನಾಲಿಗೆ ಸುಡುವ ಬಿಸಿ, ಬೇವಿನ ಕಷಾಯದ ಕಹಿ. ತಳದಲ್ಲಿ ಗೊರಗೊರ ಸದ್ದಾಗುವವರೆಗೆ ಬಿಡಲಿಲ್ಲ. ನನಗೆ ಏನೂ ಆಗಲಿಲ್ಲ, ಆಕಾಶವೂ ಕಳಚಿ ಬೀಳಲಿಲ್ಲ. ರಾಮು ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, ಬ್ಯಾಗ್ ಹೆಗಲಿಗೇರಿಸಿ ಹೊರಟ.

ನಾನೂ ವೀಣಾಳೂ ಆಟ ನೋಡಲು ಹೋದೆವು. ಆಟ ಮುಗಿಯಲು ಒಂಬತ್ತು ನಿಮಿಷ ಇದ್ದಾಗ ಅವನನ್ನು ಮೈದಾನಕ್ಕಿಳಿಸಿದರು! ಎರಡು ಗೋಲು ಹಿಂದಿದ್ದ ತಂಡ, ಹೋಗಲಿ ಪಾಪ ಎಂದು ಇಳಿಸಿತೋ ಏನೋ. ಬಲಬದಿಯ ಗೆರೆಯುದ್ದಕ್ಕೂ ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಿದ. ಓಡಿ ಒದ್ದ ಚೆಂಡು ಯಾರದೋ ತಲೆಗೆ ತಾಗಿ ಗೋಲಾಯಿತು. "ಒದಿಯೋ ರಾಮೂ, ಇನ್ನೊಂದ್ ಒದಿಯೋ!" ಎಂದು ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದೆ. ಸುತ್ತಲಿನ ಅಮೆರಿಕನ್ನರೂ ರಾಮೂ ರಾಮೂ ಎಂದು ಶುರುಮಾಡಿದರು. ಪಂದ್ಯ ಸೋತೆವು. ಅವನು ಮೈದಾನದಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದ. ಭಾಷೆ ಬಾರದಿದ್ದರೂ ಹೌದು ಎಂದದ್ದು ನಮಗೆ ತಿಳಿಯಿತು. ವೀಣಾ ಅತ್ತಳು, ನಾನೂ ಅತ್ತೆ.

ಕ್ಲಬ್ಬು ಅವನನ್ನು ಮತ್ತೆ ಕರೆಯಲಿಲ್ಲ. ಪರದೇಶದಲ್ಲಿ ರಾಮು ಆಡಿದ್ದು ಒಟ್ಟು ಒಂಬತ್ತೇ ನಿಮಿಷ. ಈಗ ತನ್ನೂರಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ. ಆ ಗೋಲಿನ ವಿಡಿಯೋ ತೋರಿಸದೆ ಪಾಠ ಶುರುಮಾಡುವುದಿಲ್ಲವಂತೆ. ಹೊರಡುವ ದಿನ ಬುರುಡೆ, ಕೊಳವೆ, ಒಂದು ಪೊಟ್ಟಣ ಎಲೆಪುಡಿ ನನ್ನ ಕೈಗಿಟ್ಟು ಹೋದ. ನಾನು ಅವನ್ನೆಲ್ಲ ಜೋಪಾನವಾಗಿ ಕಪಾಟಿನಲ್ಲಿಟ್ಟು ಮರೆತಿದ್ದೆ.

ಇವತ್ತು ಬೇಳೆಯ ಒಲೆ ಆರಿಸಿ ನೀರು ಕಾಯಿಸಿದೆ. ಬುರುಡೆ ತುಂಬಿಸಿಕೊಂಡು ಮೆಟ್ಟಿಲ ಮೇಲೆ ಕೂತೆ. ಒಂದು ಸುತ್ತು ಕುಡಿದೆ. ಹುಡುಗ ಹೇಳಿದ್ದು ನಿಜ, ಒಬ್ಬನೇ ಕುಡಿಯುವಂಥದಲ್ಲ ಅದು. ಮತ್ತೆ ನೀರು ಹೊಯ್ದು ವೀಣಾಳನ್ನು ಕರೆದು ಚಾಚಿದೆ.

ಅವಳು ಕೊಳವೆ ನೋಡಿದಳು, ನನ್ನ ಮುಖ ನೋಡಿದಳು.

"ನಿಮ್ಮ ಎಂಜಲೇನ್ರೀ?"

"ಹೂಂ ಕಣೆ."

ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ಕೂತಳು. ಗೊರಗೊರ ಸದ್ದಾಗುವವರೆಗೆ ಹೀರಿ, ಕಹಿಗೆ ಮುಖ ಕಿವುಚಿ, ನನ್ನ ಕೈಗೆ ವಾಪಸ್ ಕೊಟ್ಟಳು. ಈ ಸಲ ನನ್ನ ಸರದಿ. ನೀರು ತುಂಬಿಸಿದೆ. ಕರವಸ್ತ್ರ ಜೇಬಿನಲ್ಲೇ ಇತ್ತು.