ಚಂದ್ರಲೋಕಕ್ಕೆ ಹೊರಟ ಗುಮಾಸ್ತರು

ಬ್ರಿಟಿಷರಿದ್ದ ಕಾಲದಲ್ಲಿ, ಪುಣೆಯ ಸದಾಶಿವ ಪೇಠದಲ್ಲಿ ಹತ್ತಾರು ಸಂಸಾರಗಳು ಬಾಡಿಗೆಗಿದ್ದ ನಮ್ಮ ವಾಡೆಯಲ್ಲಿ ಧಾರವಾಡ ಕಡೆಯ ಗುಮಾಸ್ತರೊಬ್ಬರಿದ್ದರು. ಗಣೇಶೋತ್ಸವದ ನಾಟಕದಲ್ಲಿ ನಾಯಕಿಯ ಪಾತ್ರ ಯಾವಾಗಲೂ ಅವರದೇ. ಒಂದು ವರ್ಷ ನಾವು ನೂರು ವರ್ಷ ಮುಂದಿನ ಕಥೆಯನ್ನು ಆಡಿದೆವು. ನಾಯಕಿ ಒಬ್ಬಳೇ ವಿಮಾನದಲ್ಲಿ ಚಂದ್ರಲೋಕಕ್ಕೆ ಹೊರಡುತ್ತಾಳೆ. ರಟ್ಟಿನ ವಿಮಾನದ ರೆಕ್ಕೆ ಅಲ್ಲಾಡಿಸುವ ಕೆಲಸ ನನ್ನದು.

ಗುಮಾಸ್ತರು ಮೀಸೆ ಬೋಳಿಸಿ, ಹೆಂಡತಿಯ ಇಳಕಲ್ ಸೀರೆ ಉಟ್ಟು, ತಿಂಗಳಿಡೀ ಮನೆಯಲ್ಲೇ ತಾಲೀಮು ಮಾಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಡವರಿಗೆಲ್ಲ, "ಮುಂದಿನ ಕಾಲದ ಹೆಣ್ಣಂದ್ರ ಹೀಂಗಿರಬೇಕ್ರೀ!" ಎನ್ನುತ್ತಿದ್ದರು. ಹೆಂಡತಿ ಚಹಾ ತಂದಿಟ್ಟು ಅಡುಗೆಮನೆಗೆ ಹೋಗುತ್ತಿದ್ದರು.

ನಾಟಕದ ದಿನ ಅವರು ಠೀವಿಯಿಂದ ವಿಮಾನವೇರಿ ಕೈಯೆತ್ತಿದರು. ಆಡಬೇಕಾದ ಮಾತೇ ಮರೆತುಹೋಯಿತು. ನಾನು ಸುಮ್ಮನೆ ಎರಡು ಸಲ ರೆಕ್ಕೆ ಬಡಿದೆ. ಆಗ ಹೆಂಗಸರು ಕೂತಿದ್ದ ಮಾಳಿಗೆಯ ಮೇಲಿಂದ ಅವರ ಹೆಂಡತಿಯ ಧ್ವನಿ ಗಟ್ಟಿಯಾಗಿ ಕೇಳಿಸಿತು:

"ಹಾರಲು ನಾನು ಯಾರ ಅಪ್ಪಣೆಯನ್ನೂ ಕೇಳುವವಳಲ್ಲ!"

ಇಡೀ ವಾಡೆ ಚಪ್ಪಾಳೆ ತಟ್ಟಿತು. ವಿಮಾನ ಹಾರಿತು.

ನಾಟಕ ಮುಗಿದದ್ದೇ ತಡ, ಗುಮಾಸ್ತರು ವೇಷದಲ್ಲೇ ದಡದಡ ಮಾಳಿಗೆ ಹತ್ತಿದರು. "ಯಾರನ್ನ ಕೇಳಿ ಬಾಯಿ ಬಿಟ್ಟಿ?"

ಹೆಂಡತಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮೊದಲ ನನ್ನ ಸೀರಿ ಬಿಚ್ಚಿ ಕೊಡ್ರಿ. ಆಮ್ಯಾಲ ಕೇಳ್ರಿ."