ರಂಗೂನಿನಿಂದ ಬಂದ ಅಡಿಗೆಯವರು

ಕಂಕನಾಡಿಯಲ್ಲಿ ನಮ್ಮ ನೆರೆಮನೆಯಲ್ಲಿದ್ದ ಅಡಿಗೆಯವರು ರಂಗೂನಿನ ಒಬ್ಬ ವ್ಯಾಪಾರಿಯ ಮನೆಯಲ್ಲಿ ಹನ್ನೊಂದು ವರ್ಷ ಬೇಯಿಸಿ ಹಾಕಿ ಊರಿಗೆ ಮರಳಿದವರು. ಬಿಡುವು ಸಿಕ್ಕಾಗಲೆಲ್ಲ ಅಲ್ಲಿನ ಹಳ್ಳಿಗಳ ಹಬ್ಬ ನೋಡಲು ಹೋಗುತ್ತಿದ್ದರಂತೆ. ಅದನ್ನು ಹೇಳುವಾಗ ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಅಲ್ಲಿಯವರ ಕ್ರಮ ಸರಿಯೋ ನಮ್ಮದು ಸರಿಯೋ ಎಂದು ಯಾರಾದರೂ ಕೇಳಿದರೆ, "ನಾನು ಕಂಡದ್ದು ಇಷ್ಟು ಮಾರಾಯ," ಎಂದು ಮುಗಿಸುತ್ತಿದ್ದರು.

ಅವರ ಅಣ್ಣ ಪಡೀಲಿನಲ್ಲಿ ದೇವಸ್ಥಾನದ ಅರ್ಚಕರು. ಅಣ್ಣನ ಮಗಳ ಮದುವೆಗೆ ನಾನೂ ಹೋಗಿದ್ದೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಿರಿಯರೊಬ್ಬರು ಎಲ್ಲರೆದುರು ಕೇಳಿದರು: "ಅಲ್ಲಿಯವರ ಪೂಜೆಯಲ್ಲಿ ನೀನು ಸೇರಿದ್ದು ಉಂಟೋ?"

ಇಲ್ಲ ಎಂದಿದ್ದರೆ ಪಂಕ್ತಿಯಲ್ಲಿ ಜಾಗವಿತ್ತು. ಹಾಗೆನ್ನು ಎಂದು ಅಣ್ಣ ಕಣ್ಣಲ್ಲೇ ಬೇಡುತ್ತಿದ್ದರು.

"ಅವರ ಹೊಸ ವರ್ಷದ ದಿನ ಒಬ್ಬಳು ಮುದುಕಿ ಎಲೆಗೊಂಚಲು ಅದ್ದಿ ನನ್ನ ತಲೆಗೆ ನೀರು ಚಿಮುಕಿಸಿದಳು. ನಾನು ತಲೆ ಬಗ್ಗಿಸಿದೆ," ಎಂದರು ಅಡಿಗೆಯವರು.

ಅವರ ಎಲೆಯನ್ನು ಹೊರಗೆ ಜಗಲಿಗೆ ಒಯ್ದರು. ಅವರು ಅಲ್ಲಿ ಕೂತು ಎಂದಿನಂತೆ ನಿಧಾನವಾಗಿ ಉಂಡರು. ನಾನು ಬಾಗಿಲ ಬಳಿಯೇ ಇದ್ದೆ. ಪಾಯಸ ಬಡಿಸಲು ಅಣ್ಣನೇ ಬಂದರು.

"ಆ ಮುದುಕಿ ಎಂತ ಹೇಳಿದಳು ನಿನಗೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ನಾನಾಗ ಹೋದ ಹೊಸತು, ಭಾಷೆ ಗೊತ್ತಾಗಲಿಲ್ಲ ಅಣ್ಣ. ಅಮ್ಮ ನಮ್ಮ ತಲೆಗೆ ಎಣ್ಣೆ ಹಾಕುವಾಗ ಹರಸ್ತಿದ್ದರಲ್ಲ, ಅದೇ ಸ್ವರ."

ಅಣ್ಣ ಪಾಯಸದ ಪಾತ್ರೆ ಕೆಳಗಿಟ್ಟು ತಮ್ಮನ ಪಕ್ಕದಲ್ಲಿ ಕೂತರು. ಒಳಗೆ ಪಂಕ್ತಿ ಕಾಯುತ್ತಿತ್ತು.