ದೊಡ್ಡಮ್ಮನ ಸೊಪ್ಪಿನ ಆಟ

ಎದುರುಮನೆ ದೊಡ್ಡಮ್ಮನ ಬಲಗೈ ಹೆಬ್ಬೆರಳು ಸೊಪ್ಪು ಚಿವುಟಿ ಚಿವುಟಿ ಕಪ್ಪಾಗಿ, ಬಿರುಕುಬಿಟ್ಟಿತ್ತು. ಆ ಬೆರಳು ಮುಟ್ಟಿದರೆ ಫೋನಿಗೆ ತಿಳಿಯುತ್ತಲೇ ಇರಲಿಲ್ಲ. "ಈ ಮುಂಡೇದ್ಕೂ ಗೇಯೋರ ಕೈ ಆಗಾಕಿಲ್ಲ" ಎಂದು ಬೈಯುತ್ತಾ ಕಿರುಬೆರಳಲ್ಲಿ ಒತ್ತುತ್ತಿದ್ದರು. ನೆಂಟರೇನಲ್ಲ, ಬೀದಿಗೆಲ್ಲ ದೊಡ್ಡಮ್ಮ.

ಬೇಗೂರಿನ ನಮ್ಮ ಬೀದಿಯ ಹೆಂಗಸರು, ಇಲ್ಲಿಂದ ಮದುವೆಯಾಗಿ ಹೋದ ಗೆಳತಿಯರು ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೆವು. ದೊಡ್ಡಮ್ಮ ದಿನಾ ಬೆಳಿಗ್ಗೆ ಹೊಲದ ಬದುವಿನಿಂದ ಒಂದು ಎಲೆಯ ಫೋಟೊ ಹಾಕುವರು. ಹಿಂದೆಯೇ ಅವರ ದನಿ: "ಇದ್ಯಾವ ಸೊಪ್ಪು ಯೋಳ್ರವ್ವಾ, ನೋಡನ!" ಅಣ್ಣೆ, ಕನ್ನೆ, ಗೋಣಿ, ಹೊನಗೊನೆ, ಹೀಗೆ ದಿನಕ್ಕೊಂದು. ಉತ್ತರ ಮಾತ್ರ ಸಂಜೆ ದೀಪ ಹಚ್ಚಿದ ಮೇಲೆ. ಗೆದ್ದವಳು ಊರಲ್ಲೇ ಇದ್ದರೆ ಒಂದು ಬಟ್ಟಲು ಬೆರಕೆ ಸೊಪ್ಪಿನ ಸಾರು, ದೂರದವಳಾದರೆ ಸಾರಿನ ಫೋಟೊ.

ಹೆಚ್ಚಾಗಿ ಗೆಲ್ಲುತ್ತಿದ್ದವಳು ನಾನು. ಚಾಮರಾಜನಗರದ ಕಚೇರಿಗೆ ಹೋಗುವ ಬಸ್ಸಿನಲ್ಲಿ ಕೂತು, ಎಲೆ ತೋರಿಸಿದರೆ ಹೆಸರು ಹೇಳುವ ಆ್ಯಪ್‌ಗೆ ಆ ಫೋಟೊ ಕೊಟ್ಟು, ಬಂದ ಹೆಸರನ್ನು ಬರೆದುಬಿಡುತ್ತಿದ್ದೆ. "ಓದ್ದೋಳಾದ್ರೂ ಮಣ್ ಮರ್ತಿಲ್ಲ ಕಣಮ್ಮಿ ನೀನು" ಎಂದು ದೊಡ್ಡಮ್ಮ ಕೆನ್ನೆ ನೀವಿದಾಗಲೇ ನಿಜ ಹೇಳಬೇಕಿತ್ತು. ಹೊಗಳಿಕೆಯ ರುಚಿ ಹತ್ತಿತ್ತು, ಹೇಳಲಿಲ್ಲ.

ಒಂದು ದಿನ ಎಳೆಯ ಸಸಿಯ ಫೋಟೊ ಬಂತು. ಆ್ಯಪ್ ಗಣಿಕೆ ಎಂದಿತು. "ಗಣಿಕೆ ಸೊಪ್ಪು. ಇದೂ ಒಂದು ಪ್ರಶ್ನೆನಾ ದೊಡ್ಡಮ್ಮ?" ಎಂದು ಜಂಬದಿಂದ ಬರೆದೆ. ಚಂದಕವಾಡಿಯಲ್ಲಿರುವ ಗೆಳತಿಯ ಹಿತ್ತಿಲಲ್ಲೂ ಅದೇ ಸಸಿ ಎದ್ದಿತ್ತು. ದಿನಾ ಗೆಲ್ಲುವವಳ ಮಾತೆಂದು ನಂಬಿ ಅವಳು ಮಧ್ಯಾಹ್ನವೇ ಸಾರು ಮಾಡಿ, ಮೊದಲು ಅತ್ತೆಗೆ ಬಡಿಸಿದಳು. ಅದು ಉಮ್ಮತ್ತಿ, ವಿಷದ ಗಿಡ. ಗಣಿಕೆಯಂತೆ ಕಂಡರೂ ಕೀಳಬೇಡಿ ಎಂದು ಸಂಜೆ ಎಚ್ಚರಿಸುವುದಕ್ಕೇ ದೊಡ್ಡಮ್ಮ ಅದನ್ನು ಹಾಕಿದ್ದರು. ಅಷ್ಟರಲ್ಲಿ ಆ ಅತ್ತೆ ಕಣ್ಣು ಮಂಜಾಗಿ, ಏನೇನೋ ಬಡಬಡಿಸುತ್ತಾ ಆಸ್ಪತ್ರೆ ಸೇರಿದ್ದರು. ಸದ್ಯ, ಜೀವ ಉಳಿಯಿತು.

ಗೆಳತಿಯ ಗಂಡ ಅವಳ ಫೋನಿನಿಂದಲೇ ಗ್ರೂಪಿನಲ್ಲಿ ಕೂಗಾಡಿದ: "ಯೇನಮ್ಮೋ, ವಿಷದ ಗಿಡ ತೋರ್ಸಿ ಆಟ ಆಡೀಯಾ? ನಮ್ಮವ್ವ ಸತ್ತೋಗಿದ್ರೆ?"

ದೊಡ್ಡಮ್ಮ ನನ್ನ ಹೆಸರೆತ್ತಲಿಲ್ಲ. "ತಪ್ಪು ನಂದೇ ಕಣಪ್ಪಾ. ಆಟಕ್ಕೆ ಅದ ಆಕ್ಬಾರ್ದಿತ್ತು, ಆಕ್ಬುಟ್ಟೆ" ಎಂದರು. ಮಾರನೆಯ ದಿನದಿಂದ ಫೋಟೊ ಬರಲಿಲ್ಲ. ಬೀದಿಯಲ್ಲಿ ಕೆಲವರು ಅವರನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ನನಗೆ ಮಾತ್ರ ಅವರೇ ಸಮಾಧಾನ ಹೇಳಿದರು: "ನಿಂಗೊತ್ತಿಲ್ದೆ ಇದ್ದದಾ? ಬಸ್ನಲ್ಲಿ ಸರ್ಯಾಗಿ ಕಂಡಿಲ್ಲ ಅಷ್ಟೆ, ಬುಡು." ಥೂ ನನ್ನ ಜನ್ಮಕ್ಕೆ, ಆಗಲೂ ಬಾಯಿ ಬಿಡಲಿಲ್ಲ.

ಆರೇ ತಿಂಗಳಿಗೆ ದೊಡ್ಡಮ್ಮ ತೀರಿಕೊಂಡರು. ತಿಥಿಯ ದಿನ ಚಂದಕವಾಡಿಯ ಗೆಳತಿ ನನ್ನ ಪಕ್ಕ ಬಂದು ಕೂತು ಫೋನು ತೋರಿಸಿದಳು. ಯಾವುದೋ ಎಲೆ.

"ನಾನಿಲ್ದಾಗ ಸೊಪ್ಪಿನ್ ವಿಷ್ಯ ಅವಳ್ನೇ ಕೇಳು, ಒಂದ್ಸಲ ಎಡವ್ದೋಳು ಇನ್ ಎಡವಾಕಿಲ್ಲ ಅಂತ ನಿನ್ನೇ ಯೋಳಿದ್ರು ಕಣೆ ದೊಡ್ಡಮ್ಮ. ಇದ ತಿನ್ಬೌದಾ ನೋಡು."

"ನಂಗೆ ಒಂದು ಸೊಪ್ಪೂ ಗೊತ್ತಿಲ್ಲ ಕಣೆ" ಎಂದೆ. "ಆವತ್ತೂ ಗೊತ್ತಿರ್ಲಿಲ್ಲ. ಎಲ್ಲಾ ಫೋನ್ ನೋಡಿ ಹೇಳ್ತಿದ್ದೆ."

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ಇದ ದೊಡ್ಡಮ್ಮಂಗೆ ಯೋಳಿದ್ಯಾ?" ಎಂದು ಕೇಳಿದಳು.

ಇಲ್ಲ ಎಂದೆ.